ತಪ್ಪುಕಾಣಿಕೆ ಯಾರು ಕಟ್ಟಬೇಕು?



ಆಹ್ವಾನ ಪತ್ರಿಕೆಯಲ್ಲಿ ಈ ಉಪನ್ಯಾಸಕ್ಕೆ 'ಧರ್ಮ ಮತ್ತು ಮಾನಸಿಕ ಆರೋಗ್ಯ' ಎಂಬ ಹೆಸರು ಅಚ್ಚಾಗಿದೆ. ಆ ಹೆಸರು ಕೇಳಿದರೇ ಆಕಳಿಕೆ ಬರುತ್ತದೆ. ನಾನು ಮಾತಾಡಬೇಕೆಂದಿರುವುದು ಒಂದು ಹಸುವಿನಿಂದ ಶುರುವಾಗುವ ಸಂಗತಿ. ಅದನ್ನು ಹೇಳಿಯೇ ಮುಂದೆ ಹೋಗುತ್ತೇನೆ.

1974ರ ಮುಂಗಾರು. ಶಿರಾ ಸೀಮೆಯ ಒಂದು ಊರು. ನಮ್ಮೂರಿಗೂ ಪಕ್ಕದ ಗೊಲ್ಲರಹಟ್ಟಿಗೂ ನಡುವೆ ಅರ್ಧ ಮೈಲಿ, ಒಂದು ಹಳ್ಳ. ನನಗೆ ಹದಿಮೂರು ವರ್ಷ, ಮೈನೆರೆದು ಎರಡೋ ಮೂರೋ ತಿಂಗಳು. ಹೊರಗಾದಾಗ ನಮ್ಮನೆಯಲ್ಲಿ ಜಗಲಿಯ ಮೂಲೆ, ಒಂದು ಗೋಣಿತಾಟು, ಬೇರೆ ತಟ್ಟೆ. ಮಳೆ ಬಂದ ಒಂದು ರಾತ್ರಿ ಜಗಲಿಗೆ ಎರಚಲು ಹೊಡೆಯಿತೆಂದು ಎದ್ದು, ಕೊಟ್ಟಿಗೆ ದಾಟಿ, ಆಚೆಯ ಒಣ ಜಾಗದಲ್ಲಿ ಮಲಗಿದೆ. ಬೆಳಗ್ಗೆ ಯಾರೂ ಏಳುವ ಮೊದಲೇ ವಾಪಸ್ಸು ಬಂದೆ. ಮೂರನೆಯ ದಿನ ನಮ್ಮ ಕರೆಯುವ ಹಸು ಸತ್ತಿತು. ಗಂಟಲು ಊದಿತ್ತು, ಉಸಿರು ಕಟ್ಟಿಕೊಂಡು ಬಿತ್ತು.

ಸಂಜೆ ಗುಡಿಯಲ್ಲಿ ಶಾಸ್ತ್ರ ಕೇಳಿದರು. ಪೂಜಾರಪ್ಪನ ಮೈಮೇಲೆ ದೇವರು ಬಂತು. "ಯಾರೋ ಹೊರಗಾದೋಳು ಕೊಟ್ಗೆ ದಾಟವ್ಳೆ" ಎಂದಿತು. ಹನ್ನೊಂದು ರೂಪಾಯಿ ತಪ್ಪುಕಾಣಿಕೆ, ಒಂದು ಮರಿ. ಅಪ್ಪ ಮರಿಯನ್ನು ಸಾಲ ಮಾಡಿ ತಂದರು. ನಾನು ಬಾಯಿ ಬಿಡಲಿಲ್ಲ. ಅಲ್ಲಿಂದ ಮುಂದೆ ಮೂವತ್ತು ವರ್ಷ ಬಾಯಿ ಬಿಡಲಿಲ್ಲ.

ಈ ಮೂವತ್ತು ವರ್ಷದಲ್ಲಿ ನಾನು ಬಿ.ಎ. ಮಾಡಿದೆ, ಎಂ.ಎ. ಮಾಡಿದೆ, ಕಾಲೇಜಿನಲ್ಲಿ ವಚನ ಸಾಹಿತ್ಯವನ್ನೇ ಪಾಠ ಹೇಳಿದೆ. ಸೂತಕವೆಂಬುದು ಸುಳ್ಳೆಂದು ಬೋರ್ಡಿನ ಮುಂದೆ ನಿಂತು ಗಂಟಲು ಹರಿಯುವಂತೆ ಹೇಳಿದೆ. ಆದರೂ ಮನೆಯಲ್ಲಿ ಮಗುವಿಗೆ ಜ್ವರ ಬಂದರೆ ಮೊದಲು ಹೊಳೆಯುತ್ತಿದ್ದುದು 'ನಾನು ಏನು ಮುಟ್ಟಿದೆ?' ಎಂಬ ಪ್ರಶ್ನೆ. ಕೈ ತೊಳೆದದ್ದೇ ತೊಳೆಯುವುದು, ದೇವರ ಮನೆಯ ಹೊಸ್ತಿಲನ್ನು ಎರಡು ಸಲ ದಾಟಿ ನೋಡುವುದು, ಮಧ್ಯರಾತ್ರಿ ಎದ್ದು ಕೂರುವುದು. ಓದು ತಲೆಗೆ ಹತ್ತಿತ್ತು, ಹೆದರಿಕೆ ಅದಕ್ಕಿಂತ ಕೆಳಗೆಲ್ಲೋ ಕೂತಿತ್ತು.

ಇದಕ್ಕೆ ವೈದ್ಯರು ಇಡುವ ಹೆಸರುಗಳಿವೆ. ಮಡಿ, ಮೈಲಿಗೆ, ಪಾಪ ಎಂಬ ಯೋಚನೆಗಳು ಬೇಡವೆಂದರೂ ಬಂದು, ತೊಳೆಯುವುದರಲ್ಲೋ ಎಣಿಸುವುದರಲ್ಲೋ ಮುಗಿಯುವುದನ್ನು ಕನ್ನಡದಲ್ಲಿ ಗೀಳು ಎನ್ನುತ್ತೇವೆ. ಆ ಪದವನ್ನು ನಮ್ಮ ಹಳ್ಳಿಯ ಓದುಗರ ತನಕ ತಲುಪಿಸಿದವರಲ್ಲಿ ನಿಮ್ಹಾನ್ಸ್‌ನಲ್ಲಿದ್ದ ಡಾ. ಸಿ.ಆರ್. ಚಂದ್ರಶೇಖರ್ ಮುಖ್ಯರು. ಅವರ ಚಿಕ್ಕ ಚಿಕ್ಕ ಪುಸ್ತಕಗಳು ಬಸ್ ನಿಲ್ದಾಣದ ಅಂಗಡಿಯಲ್ಲೂ ಸಿಗುತ್ತಿದ್ದವು. 2024ರಲ್ಲಿ ಅವರಿಗೆ ಪದ್ಮಶ್ರೀ ಬಂದಾಗ ನನಗಾದ ಖುಷಿಗೆ ಸ್ವಂತದ ಕಾರಣವೂ ಇತ್ತು. ಹೊರದೇಶದಲ್ಲಿ ಮಾರ್ಲೀನ್ ವಿನೆಲ್ ಎಂಬ ಮನಶ್ಶಾಸ್ತ್ರಜ್ಞೆ 2011ರಲ್ಲಿ 'ಧಾರ್ಮಿಕ ಆಘಾತ' ಎಂಬ ಅರ್ಥದ ಹೆಸರೊಂದನ್ನು ಚಲಾವಣೆಗೆ ತಂದರು. ಅದು ಇನ್ನೂ ವೈದ್ಯರ ಅಧಿಕೃತ ಪಟ್ಟಿಯೊಳಗಿನ ಕಾಯಿಲೆಯಲ್ಲ. ಆಕೆ ಬರೆದದ್ದು ಮುಖ್ಯವಾಗಿ ನರಕದ ಭಯದಲ್ಲಿ ಬೆಳೆದ ಕ್ರೈಸ್ತ ಮಕ್ಕಳ ಬಗ್ಗೆ. ನಮ್ಮ ಸೀಮೆಯಲ್ಲಿ ನರಕದ ಭಯ ಅಷ್ಟಿಲ್ಲ, ಸತ್ತಮೇಲಿನದನ್ನು ಆಮೇಲೆ ನೋಡಿಕೊಳ್ಳುತ್ತೇವೆ. ನಮ್ಮ ದೇವರು ಮುನಿದರೆ ಈ ವಾರವೇ ಮುನಿಯುತ್ತದೆ: ಹಸು ಸಾಯುತ್ತದೆ, ಕೊಳವೆಬಾವಿ ಬತ್ತುತ್ತದೆ, ಕೂಸು ಕಣ್ಣು ಮುಚ್ಚುತ್ತದೆ. ಆ ಮುನಿಸಿಗೆ ಕಾರಣ ಮನೆಯೊಳಗಿನ ಒಬ್ಬರು. ಹೆಚ್ಚಿನ ಸಲ ಒಬ್ಬಳು.

ಗೊಲ್ಲರಹಟ್ಟಿಯ ಮಾತು ಎತ್ತದೆ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಎಂಬ ನಮ್ಮ ನಾಲ್ಕು ತಾಲ್ಲೂಕುಗಳಲ್ಲಿ ಈ ವಿಷಯ ಮಾತಾಡಲಾಗದು. ಎತ್ತುವ ಮುಂಚೆ ಒಂದು ಮಾತು. ಪತ್ರಿಕೆಗಳು ಈ ಹಟ್ಟಿಗಳಲ್ಲಿ ಬಾಳುವ ಕಾಡುಗೊಲ್ಲರನ್ನು ನೆನೆಯುವುದು ಮುಟ್ಟಿನ ಗುಡಿಸಲಿನ ಸುದ್ದಿ ಬಂದಾಗ ಮಾತ್ರ. ಕಳುವರಹಳ್ಳಿಯ ಜುಂಜಪ್ಪನ ಕಾವ್ಯವನ್ನು ಗಣೆಯ ನಾದಕ್ಕೆ ರಾತ್ರಿಯಿಡೀ ಹಾಡುವ ಜನ ಅವರು. ಅವರ ಸಂಪ್ರದಾಯ, ನಂಬಿಕೆಗಳ ಮೇಲೆ ತೀ.ನಂ. ಶಂಕರನಾರಾಯಣ ಅವರಂಥವರು ಜೀವಮಾನದ ಕೆಲಸ ಮಾಡಿದ್ದಾರೆ. ಮುಟ್ಟಿನ ಮೂಲೆ ಬೆಂಗಳೂರಿನ ಫ್ಲಾಟುಗಳಲ್ಲೂ ಇದೆ. ಅಲ್ಲಿ ಅದಕ್ಕೆ ಬಾಗಿಲೂ ಫ್ಯಾನೂ ಇರುವುದರಿಂದ ಸುದ್ದಿಯಾಗುವುದಿಲ್ಲ, ಅಷ್ಟೆ.

ಆದರೆ ಹಟ್ಟಿಯಲ್ಲಿ ನಡೆಯುವುದನ್ನು ಮುಚ್ಚಿಡುವುದೂ ಸರಿಯಲ್ಲ. ಮುಟ್ಟಾದವರು ಮೂರರಿಂದ ಐದು ದಿನ ಹಟ್ಟಿಯ ಆಚೆ. ಬಾಣಂತಿಯರು ಕೂಸಿನ ಸಮೇತ ಕೆಲವು ಕಡೆ ಎರಡು, ಮೂರು ತಿಂಗಳು ಆಚೆ. ತುಮಕೂರು ತಾಲ್ಲೂಕಿನ ಮಲ್ಲೇನಹಳ್ಳಿ ಗೊಲ್ಲರಹಟ್ಟಿಯಲ್ಲಿ 2023ರ ಜುಲೈನಲ್ಲಿ ಹೀಗೆ ಹೊರಗಿನ ಗುಡಿಸಲಿನಲ್ಲಿದ್ದ ಬಾಣಂತಿಯ ಹಸುಗೂಸು ಮಳೆ, ಚಳಿಗೆ ಸಿಕ್ಕು ತೀರಿಕೊಂಡಿತು. ನ್ಯಾಯಾಧೀಶರು ಹೋದರು, ಅಧಿಕಾರಿಗಳು ಹೋದರು, ಕ್ಯಾಮೆರಾಗಳು ಹೋದವು. ಎಲ್ಲರೂ ಗುಡಿಸಲನ್ನು ನೋಡಿದರು. ಆ ತಾಯಿಯ ರಾತ್ರಿಗಳನ್ನು ಯಾರು ನೋಡಬೇಕಿತ್ತು? ಕೂಸು ಹೋದ ದುಃಖ ಒಂದು. ಗುಡಿಸಲಿಗೆ ಹೋದದ್ದು ತಪ್ಪೋ, ಹೋಗದಿದ್ದರೆ ತಪ್ಪಾಗುತ್ತಿತ್ತೋ ಎಂಬ ಗೊಂದಲ ಇನ್ನೊಂದು. ಇಂಥ ತಾಯಂದಿರಿಗೆ ಎರಡು ಕಡೆಯಿಂದಲೂ ಬೈಗುಳ: ಒಳಗೆ ಉಳಿದರೆ ಹಟ್ಟಿಯವರಿಗೆ ಕಟ್ಟು ಮುರಿದವಳು, ಹೊರಗೆ ಹೋದರೆ ಪಟ್ಟಣದವರಿಗೆ ಮೂಢಳು.

ಕಾನೂನು ಇದೆ. ಅಮಾನವೀಯ ದುಷ್ಟ ಪದ್ಧತಿಗಳು ಮತ್ತು ವಾಮಾಚಾರವನ್ನು ತಡೆಯುವ ಕರ್ನಾಟಕದ ಕಾಯ್ದೆ 2017ರದು, ಜಾರಿಗೆ ಬಂದದ್ದು 2020ರ ಜನವರಿಯಲ್ಲಿ. ಮುಟ್ಟಾದವರನ್ನು, ಬಸುರಿಯರನ್ನು ಬಲವಂತವಾಗಿ ಬೇರೆ ಇಡುವುದು ಅದರಲ್ಲಿ ಅಪರಾಧ. ದೆವ್ವ ಬಿಡಿಸುತ್ತೇವೆಂದು ಹಗ್ಗ, ಸರಪಳಿಯಲ್ಲಿ ಕಟ್ಟಿ ಹೊಡೆಯುವುದೂ ಅಪರಾಧ. ಕಾಯ್ದೆ ಬೇಕೇ ಬೇಕಿತ್ತು, ಅದರಲ್ಲಿ ನನಗೆ ಎರಡು ಮಾತಿಲ್ಲ. ಆದರೆ ಅದೇ ಸರ್ಕಾರ ಹಟ್ಟಿಗಳ ಹೊರಗೆ ಮುಟ್ಟಾದವರಿಗೆಂದು ಕೃಷ್ಣಕುಟೀರಗಳನ್ನೂ ಕಟ್ಟಿಸಿತು. ಗುಡಿಸಲಿಗಿಂತ ಸಿಮೆಂಟಿನ ಮನೆ ವಾಸಿ, ಹಾವು ಚೇಳಿನ ಭಯವಿಲ್ಲ, ನಿಜ. ಹೊರಗಿರಬೇಕಾದವಳು ಹೊರಗೇ ಇರಲಿ ಎಂಬುದಕ್ಕೆ ಸರ್ಕಾರದ ಮುದ್ರೆಯೂ ಬಿತ್ತು. ಮದ್ದು ಕೊಡಬೇಕಾದವರು ಗಾಯಕ್ಕೆ ಒಳ್ಳೆಯ ಬಟ್ಟೆ ಸುತ್ತಿ ಹೋದಂತೆ.

ಗುಡಿಸಲು ಕಿತ್ತರೆ ಸಾಲದೆಂಬುದಕ್ಕೆ ನೇಪಾಳವನ್ನು ನೋಡಬೇಕು. ಅಲ್ಲಿ ಇದೇ ಪದ್ಧತಿಯ ಹೆಸರು ಛೌಪಡಿ. 2005ರಲ್ಲಿ ಸುಪ್ರೀಂ ಕೋರ್ಟು ಬೇಡವೆಂದಿತು. 2017ರಲ್ಲಿ ಬಂದ ಕಾನೂನು ಮೂರು ತಿಂಗಳ ಜೈಲು ಅಥವಾ ಮೂರು ಸಾವಿರ ರೂಪಾಯಿ ದಂಡ ಇಟ್ಟಿತು. ಆಮೇಲೆ ಪೊಲೀಸರು ಊರೂರಿಗೆ ಹೋಗಿ ಗುಡಿಸಲು ಕೆಡವಿಸಿದರು. ಕೆಡವಿದ ಮೇಲೆ ಎಷ್ಟೋ ಹೆಂಗಸರು ದನದ ಕೊಟ್ಟಿಗೆಯಲ್ಲಿ, ಬಯಲಲ್ಲಿ ಮಲಗಿದರು. ಹೊರಗಿನ ಗೋಡೆ ಬಿದ್ದಿತ್ತು. 'ಒಳಗೆ ಮಲಗಿದರೆ ಮನೆಗೆ ಕೇಡು' ಎಂಬುದು ಬಿದ್ದಿರಲಿಲ್ಲ.

ಇನ್ನು ಪಾವಗಡದ ಕಡೆ ತಿರುಗೋಣ. ಶನಿಮಹಾತ್ಮನ ಸನ್ನಿಧಿಗೆ ಶನಿವಾರ, ಅದರಲ್ಲೂ ಶ್ರಾವಣದಲ್ಲಿ, ಆಂಧ್ರದ ಕಡೆಯಿಂದಲೂ ಜನ ಬರುತ್ತಾರೆ. ಎಳ್ಳೆಣ್ಣೆ ದೀಪ, ಮುಡಿ ಕೊಡುವುದು, ಸಾಲಿನಲ್ಲಿ ನಿಂತು ಮನಸ್ಸು ಹಗುರ ಮಾಡಿಕೊಳ್ಳುವುದು. ಅದನ್ನು ನಾನು ಹಂಗಿಸುವುದಿಲ್ಲ, ನಾನೇ ನಿಂತಿದ್ದೇನೆ. ನನ್ನ ತಕರಾರು ಗುಡಿಯ ಹೊರಗೆ, ಮನೆಮನೆಗಳಲ್ಲಿ ಜಾತಕ ಹಿಡಿದು "ನಿನಗೆ ಸಾಡೇಸಾತಿ" ಎಂದು ಹೆದರಿಸುವವರ ಮೇಲೆ. ಒಂದು ಸಣ್ಣ ಲೆಕ್ಕ ಹಾಕೋಣ. ಶನಿಗ್ರಹ ಸೂರ್ಯನನ್ನು ಒಂದು ಸುತ್ತು ಬರಲು ಸುಮಾರು ಇಪ್ಪತ್ತೊಂಬತ್ತೂವರೆ ವರ್ಷ. ಒಂದೊಂದು ರಾಶಿಯಲ್ಲಿ ಹತ್ತಿರಹತ್ತಿರ ಎರಡೂವರೆ ವರ್ಷ. ಹುಟ್ಟಿದ ರಾಶಿ, ಅದರ ಹಿಂದಿನದು, ಮುಂದಿನದು ಸೇರಿ ಏಳೂವರೆ ವರ್ಷವೇ ಸಾಡೇಸಾತಿ. ಅಂದರೆ ಯಾವ ದಿನ ನೋಡಿದರೂ 12 ರಾಶಿಗಳಲ್ಲಿ 3 ರಾಶಿಯವರು ಅದರಲ್ಲಿ ಇರಲೇಬೇಕು. ಈ ಸಭೆಯಲ್ಲಿ ನೂರು ಜನ ಇದ್ದರೆ ಹೆಚ್ಚುಕಡಿಮೆ ಇಪ್ಪತ್ತೈದು ಜನ ಈ ಕ್ಷಣದಲ್ಲಿ ಸಾಡೇಸಾತಿಯಲ್ಲಿ ಕೂತಿದ್ದಾರೆ. ನಾಲ್ಕರಲ್ಲಿ ಒಬ್ಬರಿಗೆ ಬಂದದ್ದು ಶಿಕ್ಷೆಯಾಗುವುದು ಹೇಗೆ? ಪರೀಕ್ಷೆಯಲ್ಲಿ ಫೇಲಾದ ಹುಡುಗನಿಗೆ 'ಇನ್ನು ಐದು ವರ್ಷ ನಿನ್ನ ಹಣೆಬರಹ ಇಷ್ಟೇ' ಎನ್ನುವುದು ಶನಿಯ ಕೆಲಸವಲ್ಲ, ಹಾಗೆ ಹೇಳಿದ ಮನುಷ್ಯನ ಕೆಲಸ. ಅಂದಹಾಗೆ, ನಮ್ಮ ಊರುಗಳಲ್ಲಿ ರಾತ್ರಿಯಿಡೀ ಆಡುವ ರಾಜಾ ವಿಕ್ರಮನ ನಾಟಕದಲ್ಲಿ ಶನಿಯ ಕಾಟಕ್ಕೆ ಕೈಕಾಲು ಕಳೆದುಕೊಂಡು ಗಾಣ ಹೊಡೆಯುವ ರಾಜನಿಗೆ ಕೊನೆಗೆ ಕೈಕಾಲು ವಾಪಸ್ಸು ಬರುತ್ತವೆ. ಬೆಳಗಿನ ಜಾವದ ಆ ದೃಶ್ಯದ ಹೊತ್ತಿಗೆ ಜ್ಯೋತಿಷಿಗಳೆಲ್ಲ ನಿದ್ದೆ ಹೋಗಿರುತ್ತಾರೋ ಏನೋ.

ಹೆದರಿಕೆ ಬಿಟ್ಟರೆ ದೇವರೂ ಬಿಟ್ಟುಹೋಗುತ್ತದೆ ಎಂಬ ಅನುಮಾನ ಹಿರಿಯರಿಗಿದೆ. ಅವರಿಗೆ ಮಧುಗಿರಿಯ ದಂಡಿನ ಮಾರಮ್ಮನನ್ನು ತೋರಿಸುತ್ತೇನೆ. ನನ್ನ ಅಜ್ಜಿಯ ಕಾಲಕ್ಕೆ ಮಾರಮ್ಮ ಎಂದರೆ ಸಿಡುಬು. ಮೈಮೇಲೆ ಗುಳ್ಳೆ ಎದ್ದರೆ 'ಅಮ್ಮ ಬಂದವ್ಳೆ' ಎನ್ನುತ್ತಿದ್ದರು. ಯಾರ ತಪ್ಪಿಗೆ ಬಂದಳು ಎಂದು ಹುಡುಕುತ್ತಿದ್ದರು, ಸಿಕ್ಕವರ ಹಣೆಗೆ ಆ ಸಾವು ಅಂಟುತ್ತಿತ್ತು. ಭಾರತದಲ್ಲಿ ಕೊನೆಯ ಸಿಡುಬು ಕಂಡದ್ದು 1975ರಲ್ಲಿ. 1980ರಲ್ಲಿ ಇಡೀ ಲೋಕದಿಂದ ಅದು ಹೋಯಿತೆಂದು ವಿಶ್ವ ಆರೋಗ್ಯ ಸಂಸ್ಥೆ ಸಾರಿತು. ಮಾರಮ್ಮ ಹೋದಳೆ? ಜಾತ್ರೆ ನಡೆಯುತ್ತಿದೆ, ತಂಬಿಟ್ಟಿನ ಆರತಿ ಹೊರುತ್ತೇವೆ, ಮಡಿಲಕ್ಕಿ ಹಾಕುತ್ತೇವೆ. ತೋಳಿಗೆ ಚುಚ್ಚಿದ ಸೂಜಿ ಆಕೆಯ ಮೇಲಿದ್ದ ಕೊಲೆಯ ಆರೋಪವನ್ನು ತೆಗೆಯಿತು. ಸೊಸೆಯಂದಿರ ಮೇಲಿದ್ದ ಆರೋಪವನ್ನೂ ತೆಗೆಯಿತು.

ಮೈಮೇಲೆ ಬರುವುದರ ಬಗ್ಗೆ ಅವಸರದ ತೀರ್ಮಾನ ಬೇಡವೆಂಬುದು ನನ್ನ ನಿಲುವು. ಅತ್ತೆಯೆದುರು ತಲೆ ಎತ್ತದ ಸೊಸೆ ದೇವರಾಗಿ ಬಂದಾಗ ಅತ್ತೆಗೇ ಆಜ್ಞೆ ಮಾಡುತ್ತಾಳೆ. ಅದು ಆಕೆಗೆ ಉಸಿರಾಡುವ ಕಿಂಡಿ. ರೋಗಿಗಳನ್ನು ಗುಡಿಗೆ ಕರೆದೊಯ್ಯುವುದರ ಬಗ್ಗೆಯೂ ಅವಸರ ಬೇಡ. ನಿಮ್ಹಾನ್ಸ್‌ನ ಡಾ. ಆರ್. ರಘುರಾಮ್ ಮತ್ತು ಸಂಗಡಿಗರು ತಮಿಳುನಾಡಿನ ಒಂದು ಮುತ್ತುಸ್ವಾಮಿ ಗುಡಿಯಲ್ಲಿ ಉಳಿದುಕೊಂಡಿದ್ದ 31 ಮಂದಿ ತೀವ್ರ ಮನೋರೋಗಿಗಳನ್ನು ಗಮನಿಸಿ 2002ರಲ್ಲಿ ವರದಿ ಬರೆದರು. ಸರಾಸರಿ ಆರು ವಾರದ ವಾಸದಲ್ಲಿ ಅವರ ಕಾಯಿಲೆಯ ತೀವ್ರತೆ ನೂರಕ್ಕೆ ಸುಮಾರು ಇಪ್ಪತ್ತರಷ್ಟು ಇಳಿದಿತ್ತು. ಅಲ್ಲಿ ವಿಶೇಷ ಪೂಜೆಯೇನೂ ಇರಲಿಲ್ಲ. ಜೊತೆಗೆ ಮನೆಯವರಿದ್ದರು, ಕೈಗೆ ಸಣ್ಣಪುಟ್ಟ ಕೆಲಸವಿತ್ತು, ಬೈಯುವವರಿರಲಿಲ್ಲ. ಅದೇ ತಮಿಳುನಾಡಿನ ಏರ್ವಾಡಿಯಲ್ಲಿ, ದರ್ಗಾದ ಆಸುಪಾಸಿನ ಖಾಸಗಿ ಶೆಡ್ಡೊಂದರಲ್ಲಿ ಸರಪಳಿ ಹಾಕಿಸಿಕೊಂಡಿದ್ದ 28 ಮಂದಿ 2001ರ ಆಗಸ್ಟ್ 6ರಂದು ಬೆಂಕಿಯಲ್ಲಿ ಸತ್ತರು, ಓಡಲಾಗದೆ. ಗುಡಿಯೋ ದರ್ಗಾವೋ ಎಂಬುದು ನನಗೆ ಮುಖ್ಯವಲ್ಲ. ಕಟ್ಟಿ ಹಾಕಿದ್ದಾರೆಯೆ, ತಪ್ಪು ಹೊರಿಸಿದ್ದಾರೆಯೆ, ಇವೆರಡನ್ನು ನೋಡುತ್ತೇನೆ.

ಹಾಗಾದರೆ ಈ ಗಾಯ ಮಾಯುವುದು ಹೇಗೆ?

ವಾದದಿಂದ ಮಾಯುವುದಿಲ್ಲ. ನಮ್ಮ ನೆರೆಯ ಗೌರಿಬಿದನೂರು ತಾಲ್ಲೂಕಿನ ಹೊಸೂರಿನವರಾದ ಎಚ್. ನರಸಿಂಹಯ್ಯನವರು 1976ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿ ಪವಾಡಗಳನ್ನು ಪರೀಕ್ಷಿಸುವ ಸಮಿತಿ ಮಾಡಿದರು. ಪ್ರಶ್ನೆ ಕೇಳುವ ಧೈರ್ಯ ನನ್ನ ತಲೆಮಾರಿಗೆ ಅವರಿಂದ ಬಂತು, ಆ ಋಣ ದೊಡ್ಡದು. ಆದರೆ ಹೆದರಿದವಳ ಮುಂದೆ ಕೂತು 'ದೇವರೂ ಇಲ್ಲ, ಮುನಿಸೂ ಇಲ್ಲ' ಎಂದರೆ ಆಕೆ ಹೌದೆನ್ನುತ್ತಾಳೆ, ರಾತ್ರಿ ಮತ್ತೆ ಎದ್ದು ಕೂರುತ್ತಾಳೆ. ನನ್ನನ್ನೇ ಸಾಕ್ಷಿ ಹೇಳಿದೆನಲ್ಲ.

ಆಘಾತದ ಬಗ್ಗೆ ಬರೆದ ಅಮೆರಿಕದ ವೈದ್ಯೆ ಜುಡಿತ್ ಹರ್ಮನ್ 1992ರ ತಮ್ಮ ಪುಸ್ತಕದಲ್ಲಿ ಮೊದಲ ಮೆಟ್ಟಿಲು ಭದ್ರತೆ ಎನ್ನುತ್ತಾರೆ. ನೆನೆದು ಅಳುವುದು, ಜನರ ನಡುವೆ ಮತ್ತೆ ಸೇರುವುದು ಆಮೇಲೆ. ಹಟ್ಟಿಯ ಭಾಷೆಯಲ್ಲಿ ಹೇಳುವುದಾದರೆ, ಮೊದಲು ಬೆಚ್ಚಗಿನ ಜಾಗ, ಬಿಸಿ ನೀರು, ಪಕ್ಕದಲ್ಲಿ ಒಬ್ಬ ಹೆಂಗಸು. ಎನ್‌ಎಸ್‌ಎಸ್ ಶಿಬಿರಕ್ಕೆ ಹುಡುಗಿಯರನ್ನು ಕರೆದುಕೊಂಡು ಹೋಗಿದ್ದಾಗ ಒಂದು ಹಟ್ಟಿಯ ಸೊಸೆ ತಾನು ಒಳಗೆ ಬಂದ ಬಗೆಯನ್ನು ಹೇಳಿದ್ದಳು. ಒಂದು ತಿಂಗಳು ಹಟ್ಟಿಯ ಬೇಲಿಯ ಒಳಗೆ. ಮುಂದಿನ ತಿಂಗಳು ಮನೆಯ ಜಗಲಿ. ಆಮೇಲೆ ಪಡಸಾಲೆ. ಒಂದೊಂದು ಸಲವೂ ಎದೆ ಹೊಡೆದುಕೊಳ್ಳುತ್ತಿತ್ತಂತೆ, ಒಂದೊಂದು ಸಲವೂ ಏನೂ ಆಗಲಿಲ್ಲವಂತೆ. ಗೀಳಿಗೆ ವೈದ್ಯರು ಕೊಡುವ ಚಿಕಿತ್ಸೆಯೂ ಇದೇ ದಾರಿಯದು: ಹೆದರುವುದನ್ನು ಸ್ವಲ್ಪ ಸ್ವಲ್ಪವೇ ಎದುರಿಸುವುದು, ತೊಳೆಯದೆ, ಹರಕೆ ಹೊರದೆ ಸುಮ್ಮನಿರುವುದು, ಎದೆಬಡಿತ ತಾನೇ ಇಳಿಯುವ ತನಕ ಕಾಯುವುದು. ಆಕೆ ಯಾವ ಡಾಕ್ಟರನ್ನೂ ಕೇಳದೆ ಅದನ್ನು ಕಂಡುಕೊಂಡಿದ್ದಳು.

ಆದರೆ ನಾಲ್ಕನೆಯ ತಿಂಗಳಲ್ಲಿ ಏನೋ ಆಯಿತು. ಮೈದುನನ ಮೇಕೆ ಸತ್ತಿತು. ಇಲ್ಲಿಯೇ ಬಹಳ ಜನರ ಸುಧಾರಣೆ ಮುಗ್ಗರಿಸುತ್ತದೆ. 'ಏನೂ ಆಗುವುದಿಲ್ಲ' ಎಂದು ಪಟ್ಟಣದಿಂದ ಹೋದವರು ಮಾತು ಕೊಟ್ಟು ಬಂದಿರುತ್ತೇವೆ. ನೂರು ಮನೆಯ ಹಟ್ಟಿಯಲ್ಲಿ ತಿಂಗಳಿಗೆ ಒಂದು ಮೇಕೆ ಸಾಯದೆ, ಒಂದು ಮಗುವಿಗೆ ಜ್ವರ ಬರದೆ ಇರುತ್ತದೆಯೆ? ಏನಾದರೂ ಆಗೇ ಆಗುತ್ತದೆ. ಆ ದಿನ ಹಟ್ಟಿಗೆ ಮೊದಲು ಯಾರು ಬರುತ್ತಾರೆ ಎಂಬುದರ ಮೇಲೆ ಎಲ್ಲ ನಿಂತಿದೆ. ಶಾಸ್ತ್ರ ಹೇಳುವವನು ಮೊದಲು ಬಂದರೆ ಸೊಸೆ ಮತ್ತೆ ಬೇಲಿಯ ಆಚೆ. ದನದ ಡಾಕ್ಟರು ಮೊದಲು ಬಂದರೆ ಮೇಕೆಯ ಸಾವು ಮೇಕೆಯ ಕಾಯಿಲೆಯಾಗಿ ಉಳಿಯುತ್ತದೆ. ಆ ಸಲ ಡಾಕ್ಟರು ಮೊದಲು ಬಂದರು. ಅದು ಪುಣ್ಯವಷ್ಟೇ, ಯಾರ ಯೋಜನೆಯೂ ಆಗಿರಲಿಲ್ಲ.

ಈಗ ನನ್ನ ಹಸುವಿಗೆ ಬರುತ್ತೇನೆ. ಅಮ್ಮನಿಗೆ ಆಗ ವಯಸ್ಸಾಗಿತ್ತು, ಕಣ್ಣಿನ ಪೊರೆ ತೆಗೆಸಲು ಕರೆದುಕೊಂಡು ಹೋಗಿದ್ದೆ. ಆಪರೇಷನ್ ಆದ ಮೇಲೆ ಇಬ್ಬರೂ ವಾರ್ಡಿನಲ್ಲಿ ಸುಮ್ಮನೆ ಕೂತಿದ್ದೆವು. ಆಕೆಯ ಕಣ್ಣಿಗೆ ಪಟ್ಟಿ ಇತ್ತು. ಮುಖ ಕಾಣದವರ ಮುಂದೆ ಹೇಳುವುದು ಸುಲಭವೇನೋ, ಹೇಳಿಬಿಟ್ಟೆ. ಆ ರಾತ್ರಿ ಕೊಟ್ಟಿಗೆ ದಾಟಿದವಳು ನಾನೇ ಎಂದು. ಅಮ್ಮ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, "ನಾನೂ ಹೊರಗಾಗಿದ್ದೆ ಕಣವ್ವ ಅವತ್ತು. ಯಾರ್ಗೂ ಗೊತ್ತಾಗ್ದಂಗೆ ಇದ್ದೆ. ಕರು ಕಿತ್ಕೊಂಡಿತ್ತು, ಕತ್ಲಲ್ಲೇ ಹೋಗಿ ಕಟ್ಟಿ ಬಂದೆ" ಎಂದಳು. ಒಂದೇ ಸೂರಿನ ಕೆಳಗೆ ಇಬ್ಬರು, ಒಂದೇ ಹಸುವನ್ನು ಮೂವತ್ತು ವರ್ಷ ಬೇರೆ ಬೇರೆಯಾಗಿ ಹೊತ್ತಿದ್ದೆವು. ಮತ್ತೆ ಅವಳೇ ಹೇಳಿದಳು: "ಆ ವಾರ ಊರಲ್ಲಿ ಆರು ದನ ಹೋದ್ವು. ಎಲ್ಲಕ್ಕೂ ಗಂಟ್ಲು ಊದಿತ್ತು." ಗಳಲೆ ರೋಗ. ಮುಂಗಾರಿನ ಮೊದಲ ಮಳೆಗೆ ಬರುತ್ತದೆ, ಒಂದೆರಡು ದಿನದಲ್ಲಿ ಕೊಲ್ಲುತ್ತದೆ. ಮಳೆಗಾಲಕ್ಕೆ ಮುಂಚೆ ಹಾಕುವ ಲಸಿಕೆ ಇದೆ. ಆರು ಮನೆಗಳಲ್ಲಿ ಆರು ಹೆಂಗಸರು ಹೊರಗಾಗಿ ಕೊಟ್ಟಿಗೆ ದಾಟಿದ್ದರೆ? ಇಬ್ಬರೂ ನಕ್ಕೆವು. ಕಣ್ಣಿಗೆ ನೀರು ಬರಬಾರದು ಎಂದು ನರ್ಸು ಅಮ್ಮನನ್ನು ಗದರಿದರು.

ಕೈ ತೊಳೆಯುವುದು ಅವತ್ತೇ ನಿಲ್ಲಲಿಲ್ಲ. ಆಮೇಲೆ ಮನೋವೈದ್ಯರ ಹತ್ತಿರ ಹೋದೆ, ಎರಡು ವರ್ಷ ಮಾತ್ರೆಯನ್ನೂ ತಗೊಂಡೆ. ಅದನ್ನು ಈ ವೇದಿಕೆಯ ಮೇಲೆ ಹೇಳಲು ನನಗೆ ನಾಚಿಕೆಯಿಲ್ಲ. ಗುಡಿಗೂ ಹೋಗುತ್ತೇನೆ. ಮಂಗಳಾರತಿ ತೆಗೆದುಕೊಂಡು ಬರುತ್ತೇನೆ, ಶಾಸ್ತ್ರ ಕೇಳುವುದಿಲ್ಲ.

ಒಂದು ಸಂಗತಿ ಮಾತ್ರ ಮಾಯದೆ ಉಳಿದಿದೆ. ಅಂದು ಅಪ್ಪ ಕೊಟ್ಟ ಹನ್ನೊಂದು ರೂಪಾಯಿ ಮತ್ತು ಮರಿ. ತಪ್ಪಾಗಿದ್ದರೆ ಅದು ಲಸಿಕೆ ತರಿಸದ ಊರಿನದು, ಒಂದು ಹುಡುಗಿಯನ್ನು ಮಳೆಯ ಎರಚಲಿಗೆ ಬಿಟ್ಟ ಮನೆಯದು. ನಮ್ಮ ಪದ್ಧತಿಯಲ್ಲಿ ತಪ್ಪು ಮಾಡಿದವರು ಕಾಣಿಕೆ ಕಟ್ಟಬೇಕು. ಹಟ್ಟಿಗಳ ಯಜಮಾನರಲ್ಲಿ, ಪೂಜಾರಪ್ಪಂದಿರಲ್ಲಿ, ನಮ್ಮ ಊರುಗಳ ಹಿರಿಯರಲ್ಲಿ ನನ್ನ ಬೇಡಿಕೆ ಇದೊಂದೇ: ಹೊರಗೆ ಕೂಸು ಕಳೆದುಕೊಂಡವಳು, ದೆವ್ವವೆಂದು ಬೇವಿನ ಬರಲಿನ ಏಟು ತಿಂದವಳು, ಮನೆಗೆ ಕೇಡು ತಂದವಳೆಂದು ಅನ್ನಿಸಿಕೊಂಡವಳು ನಿಮ್ಮ ನಡುವೆ ಇದ್ದರೆ, ಅದೇ ಗುಡಿಯ ಮುಂದೆ, ಅಷ್ಟೇ ಜನರ ಎದುರು, 'ತಪ್ಪು ನಿನ್ನದಲ್ಲವ್ವ, ನಮ್ಮದು' ಎನ್ನಿ. ಆರೋಪ ಮಾಡಿದ ಬಾಯಿಯೇ ಅದನ್ನು ಹಿಂದಕ್ಕೆ ತೆಗೆದುಕೊಂಡರೆ ಆಕೆಗೆ ನಂಬಿಕೆ ಬರುತ್ತದೆ, ನನ್ನಂಥವರು ಹತ್ತು ಉಪನ್ಯಾಸ ಕೊಟ್ಟರೂ ಬರುವುದಿಲ್ಲ.

ಉಳಿದದ್ದಕ್ಕೆ ದಾರಿಗಳಿವೆ. ಮನೋಚೈತನ್ಯ ಕಾರ್ಯಕ್ರಮದಲ್ಲಿ ಮನೋವೈದ್ಯರು ಮಂಗಳವಾರ ತಾಲ್ಲೂಕು ಆಸ್ಪತ್ರೆಗೆ ಬರುವ ವ್ಯವಸ್ಥೆ 2014ರಿಂದ ಇದೆ. ನಿಮ್ಮ ತಾಲ್ಲೂಕಿಗೆ ಯಾವ ಮಂಗಳವಾರ ಎಂದು ಆಶಾ ಕಾರ್ಯಕರ್ತೆಯನ್ನು ಕೇಳಿ. ಬಸ್ಸಿಗೆ ದುಡ್ಡಿಲ್ಲದವರು, ಮುಖ ತೋರಿಸಲು ಅಂಜುವವರು ಫೋನ್ ಮಾಡಬಹುದು. ಟೆಲಿ ಮಾನಸ್, 14416. ಹಗಲೂ ರಾತ್ರಿಯೂ ಎತ್ತುತ್ತಾರೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ಬರೆದುಕೊಳ್ಳಿ, ಇನ್ನೊಮ್ಮೆ ಹೇಳುತ್ತೇನೆ: 14416.